ಹೆರಿಗೆ ನೋವಿಗೆ ವಿಆರ್ ಕನ್ನಡಕ: ಯಾರಾದ್ರೂ ಹಾಕ್ಕೊಂಡು ನೋಡಿದೀರಾ?

ಶರಾವತಿ_ತೀರ
34 ವಾರ ಆಯ್ತು. ಮೊದಲನೇದು. ಮುಂದಿನ ವಾರ ಬೆಂಗಳೂರಿಂದ ತವರಿಗೆ, ಸಾಗರಕ್ಕೆ ಹೊರಡ್ತಾ ಇದೀನಿ. ಹೆರಿಗೆ ಶಿವಮೊಗ್ಗದಲ್ಲಿ ಅಂತ ಆಗಿದೆ.

ವಿಷಯ ಏನಂದ್ರೆ, ನಮ್ಮನೆಯವರು ಎಲ್ಲೋ ಓದ್ಕೊಂಡು ಬಂದು ಹೆರಿಗೆ ಟೈಮಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಕೊಂಡ್ರೆ ಬೇರೆ ಲೋಕದಲ್ಲೇ ಇರೋ ಹಾಗೆ ಕಾಣಿಸುತ್ತಲ್ಲ, ಅದು) ಹೆಡ್‌ಸೆಟ್ ಹಾಕ್ಕೊಂಡ್ರೆ ನೋವು ಕಮ್ಮಿ ಗೊತ್ತಾಗುತ್ತೆ ಅಂತ ಹಿಡ್ಕೊಂಡಿದಾರೆ. ಹೆಡ್‌ಸೆಟ್ ಆಗ್ಲೇ ಮನೇಲಿದೆ, ಎರಡು ವರ್ಷದಿಂದ ಅದ್ರಲ್ಲಿ ಕ್ರಿಕೆಟ್ ಆಡ್ತಿದ್ರು. ಈಗ ಅದಕ್ಕೊಂದು ಘನಕಾರ್ಯ ಸಿಕ್ಕಿದೆ. ಮೊನ್ನೆ ರಿಹರ್ಸಲ್ ಅಂತ ನಂಗೆ ಜೋಗದ 360 ಡಿಗ್ರಿ ವಿಡಿಯೋ ಹಾಕಿ ಕೂರಿಸಿದ್ರು. ಈ ತಿಂಗಳಲ್ಲಿ ನಲ್ಲಿ ಸದ್ದು ಕೇಳಿದ್ರೇ ಬಾತ್‌ರೂಮಿಗೆ ಓಡ್ತೀನಿ, ಇನ್ನು ಜೋಗ! ಐದು ನಿಮಿಷದಲ್ಲಿ ಎರಡು ಸಲ ಎದ್ದೆ.

ಅಮ್ಮಂಗೆ ಫೋನಲ್ಲಿ ಹೇಳಿದ್ರೆ ನಕ್ಕಿದ್ದೇ ನಕ್ಕಿದ್ದು. "ಕಣ್ಣು ಕಟ್ಟಿದ್ರೆ ಹೊಟ್ಟೆ ನೋವು ಹೋಗ್ತದಾ?" ಅಂತ.

ನಂಗಂತೂ ನೋವು ಅಂದ್ರೆ ಭಯ. ಇದರಲ್ಲಿ ನಿಜ ಏನಾದ್ರೂ ಇದೆಯಾ, ಇಲ್ಲಾ ಬರೀ ಶೋಕಿನಾ? ಆಸ್ಪತ್ರೆಯವರು ಒಳಗೆ ಬಿಡ್ತಾರಾ? ಗೊತ್ತಿರೋರು ಹೇಳಿ ಪ್ಲೀಸ್.

ಕಾಫಿ_ಕಪ್
ಜೋಗ ತೋರಿಸಿದ ಗಂಡನಿಗೆ ಒಂದು ನಮಸ್ಕಾರ 😂

ಪಿಕ್ಸೆಲ್_ಮಂಜ
ಶೋಕಿ ಅಲ್ಲ, ನಿಜ ಇದೆ. ನಾನು ಗೇಮ್ ಡೆವಲಪರ್, ವಿಆರ್ ಕೆಲಸ ಮಾಡ್ತೀನಿ. ಇದರ ಮೂಲ ಹೆರಿಗೆ ಅಲ್ಲ, ಸುಟ್ಟಗಾಯ. ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಅನ್ನೋರು 1990ರ ದಶಕದಲ್ಲೇ ಶುರು ಮಾಡಿದ್ರು. ಸುಟ್ಟಗಾಯದ ಡ್ರೆಸ್ಸಿಂಗ್ ಬದಲಾಯಿಸೋವಾಗ ಆಗೋ ನೋವಿದ್ಯಲ್ಲ, ಅದಕ್ಕೆ 'ಸ್ನೋವರ್ಲ್ಡ್' ಅಂತ ಒಂದು ಲೋಕ ಕಟ್ಟಿದ್ರು. ಹಿಮದ ಕಣಿವೆಯಲ್ಲಿ ತೇಲ್ತಾ ಪೆಂಗ್ವಿನ್‌ಗಳ ಮೇಲೆ ಹಿಮದ ಉಂಡೆ ಎಸೀತಾ ಹೋಗೋದು. ಬೆಂಕಿಯ ನೆನಪಿಗೆ ಪೂರ್ತಿ ಉಲ್ಟಾ. ನೋವು ಗೊತ್ತಾಗೋಕೆ ಮೆದುಳಿನ ಗಮನ ಬೇಕು, ಆ ಗಮನವನ್ನ ಬೇರೆ ಕಡೆ ಕದ್ದುಬಿಟ್ರೆ ನೋವಿಗೆ ಉಳಿಯೋದು ಕಮ್ಮಿ. ಇಷ್ಟೇ ತತ್ವ.

ಅಲ್ಲಿ ಔಷಧಿ, ವೈದ್ಯಕೀಯ ಸಾಧನಗಳನ್ನ ಪರೀಕ್ಷಿಸೋ ಸರ್ಕಾರಿ ಸಂಸ್ಥೆ, ಅಮೆರಿಕದ ಎಫ್‌ಡಿಎ ಕೂಡ ಒಪ್ಪಿಗೆ ಕೊಟ್ಟಿದೆ. ಧೈರ್ಯವಾಗಿ ಹಾಕ್ಕೊಳ್ಳಿ.

ಲೆಕ್ಕದ_ಮೇಷ್ಟ್ರು
ಮಂಜಣ್ಣ, ಒಂದು ನಿಮಿಷ ನಿಲ್ಲಿ. ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2021ರ ನವೆಂಬರ್‌ನಲ್ಲಿ, ಬಹಳ ಕಾಲದ ಸೊಂಟನೋವಿಗೆ. ಮನೇಲೇ ಕೂತು 8 ವಾರ ದಿನಾ ಮಾಡೋ ಒಂದು ಕಾರ್ಯಕ್ರಮಕ್ಕೆ. ಹೆರಿಗೆಗೆ ಅಲ್ಲ. ಬಸುರಿ ಹೆಂಗಸಿಗೆ "ಧೈರ್ಯವಾಗಿ" ಅನ್ನೋ ಮುಂಚೆ ಓದ್ಕೊಂಡು ಹೇಳಿ.

ಪಿಕ್ಸೆಲ್_ಮಂಜ
ಸರಿ ಮೇಷ್ಟ್ರೇ, ತಪ್ಪಾಯ್ತು. ಎಫ್‌ಡಿಎ ಮಾತು ವಾಪಸ್. ಆದ್ರೆ ಹೆರಿಗೆ ಮೇಲೂ ಅಧ್ಯಯನ ಆಗಿರೋದು ನಿಜ.

ಲೆಕ್ಕದ_ಮೇಷ್ಟ್ರು
ಆಗಿವೆ. ಎಷ್ಟು ದೊಡ್ಡವು ಅನ್ನೋದನ್ನೂ ಹೇಳ್ಬೇಕು ತಾನೇ?

2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರದ್ದು ಒಂದು. 27 ಹೆಂಗಸರು. ನೋವಿನ ಔಷಧಿ ತಗೊಳ್ದೇ ಇರೋ ಹೊತ್ತಲ್ಲಿ 10 ನಿಮಿಷ ಹೆಡ್‌ಸೆಟ್ ಹಾಕಿ, 10 ನಿಮಿಷ ಹಾಕ್ದೆ ಹೋಲಿಸಿದ್ರು. ಸಮುದ್ರದ ಒಳಗೆ ಈಜೋ ದೃಶ್ಯ. ನೋವೂ ಕಮ್ಮಿ, ಭಯವೂ ಕಮ್ಮಿ, ನೋವಿನ ಬಗ್ಗೆ ಯೋಚಿಸ್ತಾ ಇರೋ ಹೊತ್ತೂ ಕಮ್ಮಿ ಅಂತ ಬಂತು.

ಆಮೇಲೆ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯದ್ದು. 40 ಜನ, ಎಲ್ಲರದ್ದೂ ಚೊಚ್ಚಲು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಅರ್ಧ ಗಂಟೆವರೆಗೆ ವಿಆರ್ ಕೊಟ್ರು. 10ರ ಅಳತೆಯಲ್ಲಿ ಹಾಕ್ಕೊಂಡವರ ನೋವು ಸರಾಸರಿ ಅರ್ಧ ಅಂಕ ಇಳೀತು, ಹಾಕ್ಕೊಳ್ದವರದ್ದು ಅರ್ಧ ಅಂಕಕ್ಕಿಂತ ಸ್ವಲ್ಪ ಜಾಸ್ತಿ ಏರ್ತು. ಅಂದ್ರೆ ವ್ಯತ್ಯಾಸ ಸುಮಾರು 1 ಅಂಕ. ಅಷ್ಟಕ್ಕೂ ಅಲ್ಲಿಗೆ ತಗೊಂಡಿದ್ದೇ 4ರಿಂದ 7 ಅಂಕದ ನೋವು ಇದ್ದವರನ್ನ. ಮಗು ಹೊರಗೆ ಬರೋ ಹೊತ್ತಿನ ನೋವಲ್ಲ.

27 ಪ್ಲಸ್ 40. ನಮ್ಮ ಶಾಲೆಯ ಒಂದು ಕ್ಲಾಸಲ್ಲೇ ಇಷ್ಟು ಮಕ್ಕಳಿದಾರೆ.

ಶರಾವತಿ_ತೀರ
ಅರ್ಧ ಗಂಟೆನಾ!! ಹೆರಿಗೆ ಹನ್ನೆರಡು ಗಂಟೆ ಆದ್ರೆ ಉಳಿದ ಹನ್ನೊಂದೂವರೆ ಗಂಟೆ ಏನ್ ಮಾಡೋದು?

ಎರಡು_ಮಕ್ಕಳ_ತಾಯಿ
ಕಿರುಚೋದು 🙂

ಹಾವೇರಿ_ಸಿಸ್ಟರ್
ನಾ 14 ವರ್ಷದಿಂದ ಲೇಬರ್ ವಾರ್ಡಿನ್ಯಾಗ ಸ್ಟಾಫ್ ನರ್ಸ್ ಅದೀನ್ರಿ, ಸರ್ಕಾರಿ ದವಾಖಾನಿ. ನಾ ಹೇಳೂದು ಕೇಳ್ರಿ.

ಬ್ಯಾನಿ ಏರಿದಾಗ ಹಡ್ಯಾಕ ಬಂದಾಕಿ ಕೈಯಾಗ ಏನ್ ಸಿಗ್ತೈತಿ ಅದನ್ನ ಕಿತ್ತ ಒಗೀತಾಳ. ಸಲೈನ್ ಪೈಪ್ ಕಿತ್ತಾರ, ನನ್ನ ಬಳಿ ಒಡದಾರ, ಒಬ್ಬಾಕಿ ನನ್ನ ಕೊರಳಾಗಿನ ಐಡಿ ಕಾರ್ಡ್ ಹಿಡದು ಜಗ್ಗಿ ನನ್ನ ಮಾರಿ ಆಕಿ ಮಾರಿ ಹತ್ರ ತಂದಿದ್ಲು. ಆ ಹೊತ್ತಿನ್ಯಾಗ ತಲಿ ಮ್ಯಾಲೆ ಅರ್ಧ ಕಿಲೋದ್ದು ಡಬ್ಬಿ ಕಟ್ಟಿಕೊಂಡು ಕುಂದರ್ತಾಳಂತ ತಿಳ್ಕೊಂಡೀರೇನು? ಬೆವರು, ವಾಂತಿ, ರಕ್ತ, ನೀರು. ಆ ಡಬ್ಬಿಯ ಸ್ಪಂಜ್ ಯಾರ ತೊಳೀಬೇಕು? ಒಬ್ಬಾಕಿದು ತಗದು ಇನ್ನೊಬ್ಬಾಕಿಗೆ ಹಾಕೂದಂದ್ರ ಸೋಂಕಿನ ಗತಿ ಏನು? ಚಾರ್ಜ್ ಹಚ್ಚಾಕ ಪ್ಲಗ್ ಎಲ್ಲೈತಿ? ಇರೂ ಪ್ಲಗ್ ಕೂಸಿನ ವಾರ್ಮರ್‌ಗೆ ಬೇಕ್ರಿ.

ಆದ್ರ ಒಂದು ಮಾತು. ಬ್ಯಾನಿ ಇನ್ನೂ ಸಣ್ಣಗೆ ಇರ್ತಾವಲ್ಲ, ಹತ್ತು ನಿಮಿಷಕ್ಕೊಂದು, ಆವಾಗ ಹೆದರಿಕಿನೇ ದೊಡ್ಡದು. ಬಾಜೂ ಕಾಟಿನಾಕಿ ಚೀರೂದು ಕೇಳಿ ಈಕಿ ಬಿಪಿ ಏರ್ತದ. ಆ ಹೊತ್ತಿನ್ಯಾಗ ಕಣ್ಣಿಗೆ ಕಿವಿಗೆ ಬ್ಯಾರೆ ಏನರ ಕೊಟ್ರ ಒಳ್ಳೇದ ಆಗ್ತಿರಬೇಕು. ನಾ ಇಲ್ಲ ಅನ್ನಂಗಿಲ್ಲ.

ವೇಲ್ಸ್_ಕನ್ನಡತಿ
ನಾನು ಈಗ ವೇಲ್ಸ್‌ನಲ್ಲಿರೋದು. 2019ರಲ್ಲಿ ಇಲ್ಲಿ ಕಾರ್ಡಿಫ್‌ನ ಯೂನಿವರ್ಸಿಟಿ ಹಾಸ್ಪಿಟಲ್ ಆಫ್ ವೇಲ್ಸ್‌ನಲ್ಲಿ ಲೇಬರ್‌ಗೆ ವಿಆರ್ ಪ್ರಯೋಗ ಮಾಡಿದ್ರು, ಪೇಪರಲ್ಲೆಲ್ಲಾ ಬಂದಿತ್ತು. ನಾನು ಹೆತ್ತಿದ್ದು ಬೇರೆ ಕಡೆ, ನಂಗೆ ಅದು ಸಿಗ್ಲಿಲ್ಲ. ಸಿಕ್ಕಿದ್ದು 'ಗ್ಯಾಸ್ ಅಂಡ್ ಏರ್'.

ಅದರ ಬಗ್ಗೆ ನಮ್ಮ ಕಡೆ ಯಾರೂ ಹೇಳೋದೇ ಇಲ್ಲ ಅದಕ್ಕೆ ಬರೀತಿದೀನಿ. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಗೋಡೆಯಿಂದ ಒಂದು ಪೈಪ್, ತುದಿಯಲ್ಲಿ ಪ್ಲಾಸ್ಟಿಕ್ ಬಾಯಿ. ನಾವೇ ಹಿಡ್ಕೊಂಡು ಎಳೀಬೇಕು, ಬೇರೆಯವರು ಹಿಡಿಯೋ ಹಾಗಿಲ್ಲ. ಸ್ವಲ್ಪ ಜಾಸ್ತಿ ಆಯ್ತು ಅಂದ್ರೆ ಕೈ ತಾನಾಗೇ ಸಡಿಲ ಆಗಿ ಬೀಳುತ್ತೆ, ಅದೇ ಸೇಫ್ಟಿ. ಗುಟ್ಟು ಏನಂದ್ರೆ ನೋವು ಶುರುವಾಗ್ತಿದ್ದ ಹಾಗೇ ಎಳೆಯೋಕೆ ಶುರು ಮಾಡ್ಬೇಕು. ಅದು ಹಿಡಿಯೋಕೆ ಅರ್ಧ ನಿಮಿಷ ಬೇಕು. ನೋವು ತುದಿಗೆ ಬಂದಾಗ ಎಳೆದ್ರೆ, ಗ್ಯಾಸ್ ತಲೆಗೆ ಏರೋ ಹೊತ್ತಿಗೆ ನೋವು ಇಳಿದಿರುತ್ತೆ, ಸುಮ್ನೆ ತಲೆ ತಿರುಗೋದೊಂದೇ ಲಾಭ. ನಾನು ಮೊದಲ ಗಂಟೆ ಪೂರ್ತಿ ತಪ್ಪು ಟೈಮಲ್ಲೇ ಎಳೆದೆ. ಮಿಡ್‌ವೈಫ್ ಹೊಟ್ಟೆ ಮೇಲೆ ಕೈಯಿಟ್ಟು "ಈಗ" ಅಂತ ಹೇಳ್ಕೊಟ್ಟ ಮೇಲೆ ಸರಿ ಹೋಯ್ತು. ನೋವು ಇರುತ್ತೆ, ಆದ್ರೆ ಪಕ್ಕದ ಮನೆಯಲ್ಲಿ ಆಗ್ತಿರೋ ಹಾಗಿರುತ್ತೆ. ಆ ಪ್ಲಾಸ್ಟಿಕ್ ಬಾಯಿಗೆ ನನ್ನ ಹಲ್ಲಿನ ಗುರುತು ಬಿದ್ದಿತ್ತು.

ಕುಡ್ಲದ_ಪೊಣ್ಣು
ಪಕ್ಕದ ಮನೆಯಲ್ಲಿ ಆಗುವ ನೋವು! ಎಂತ ಚಂದ ಹೇಳಿದ್ರಿ ಮಾರಾಯ್ರೆ. ನಮ್ಮಲ್ಲಿಯೂ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಈ ಗ್ಯಾಸ್ ಉಂಟು. ಕೇಳಿದ್ರೆ ಮಾತ್ರ ಹೇಳುದು, ಅವರಾಗಿ ಹೇಳುದಿಲ್ಲ.

ಅರಳೀಕಟ್ಟೆ_ಅಜ್ಜ
ನಮ್ಮ ತಾಯಿ ಒಂಬತ್ತು ಹೆತ್ತವರು. ಕೊನೆಯವನನ್ನು ಹೆತ್ತ ದಿನ ಬೆಳಿಗ್ಗೆ ಹಾಲು ಕರೆದು, ರೊಟ್ಟಿ ತಟ್ಟಿ ಆಮೇಲೆ ಒಳಗೆ ಹೋದರು. ಗ್ಯಾಸೂ ಇಲ್ಲ, ಕನ್ನಡಕವೂ ಇಲ್ಲ. ಈಗಿನ ಹೆಣ್ಣುಮಕ್ಕಳಿಗೆ ನೋವು ತಡೆಯುವ ಶಕ್ತಿಯೇ ಇಲ್ಲವಾಗಿದೆ. ಪ್ರಕೃತಿಯೇ ಕೊಟ್ಟ ನೋವು, ಅನುಭವಿಸಿಯೇ ತೀರಬೇಕು.

ಎರಡು_ಮಕ್ಕಳ_ತಾಯಿ
ಅಜ್ಜ, ಒಂಬತ್ತರಲ್ಲಿ ಎಷ್ಟು ಉಳಿದ್ವು?

ಅರಳೀಕಟ್ಟೆ_ಅಜ್ಜ
ಐದು.

ಎರಡು_ಮಕ್ಕಳ_ತಾಯಿ
…

ಲೆಕ್ಕದ_ಮೇಷ್ಟ್ರು
ಅಜ್ಜನವರೇ, ತಮ್ಮ ತಾಯಿಯವರಿಗೆ ನಮಸ್ಕಾರ. ಆದ್ರೆ ಹಲ್ಲು ಕೀಳಿಸೋವಾಗ ಇಂಜೆಕ್ಷನ್ ತಗೊಂಡಿದ್ರೋ ಇಲ್ವೋ? ಅದೂ ಪ್ರಕೃತಿ ಕೊಟ್ಟ ನೋವೇ. ಎಡಿನ್‌ಬರೊದ ಜೇಮ್ಸ್ ಸಿಂಪ್ಸನ್ 1847ರಲ್ಲೇ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದ. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೇ ಮಗುವಿಗೆ ಅದನ್ನೇ ತಗೊಂಡಳು, ಕೊಟ್ಟವನು ಜಾನ್ ಸ್ನೋ, ಕಾಲರಾಕ್ಕೆ ನೀರಿನ ಪಂಪು ಕಾರಣ ಅಂತ ತೋರಿಸಿದನಲ್ಲ, ಅವನೇ. ಅಷ್ಟು ಮಕ್ಕಳನ್ನ ಹೆತ್ತವಳಿಗೂ ನೋವು ಸಾಕು ಅನ್ನಿಸ್ತು.

ಸಾವಿನ ಲೆಕ್ಕ ಬೇಕಾದ್ರೆ, 2018–20ರ ಎಸ್‌ಆರ್‌ಎಸ್ (ಜನನ-ಮರಣ ಲೆಕ್ಕ ಹಾಕೋ ಸರ್ಕಾರಿ ಸಮೀಕ್ಷೆ) ಪ್ರಕಾರ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯ್ತಿದ್ರು. ನಿಮ್ಮ ತಾಯಿಯವರ ಕಾಲದಲ್ಲಿ ಇದು ಇದರ ಎಷ್ಟೋ ಪಟ್ಟು ಇತ್ತು. ತಡ್ಕೊಂಡವರ ಕಥೆ ಮಾತ್ರ ನಮಗೆ ಕೇಳಿಸೋದು, ತಡ್ಕೊಳ್ಳದವರು ಹೇಳೋಕೆ ಉಳಿಲಿಲ್ಲ.

ಅರಿವಳಿಕೆ_ಮೈಸೂರು
ನಾನು ಅರಿವಳಿಕೆ ತಜ್ಞ. ತಡವಾಗಿ ಬಂದೆ, ಎಲ್ಲಾ ಓದಿದೆ. ಮೂಲ ಪ್ರಶ್ನೆಗೆ ಬರ್ತೀನಿ.

ಹೆರಿಗೆ ನೋವು ಒಂದೇ ನೋವಲ್ಲ. ಮೊದಲ ಹಂತದಲ್ಲಿ ಗರ್ಭಕೋಶ ಹಿಂಡ್ತಾ ಅದರ ಬಾಯಿ ತೆರ್ಕೊಳ್ಳುತ್ತೆ. ಆಗಿನ ನೋವು ಕೆಳಹೊಟ್ಟೆ, ಸೊಂಟದಲ್ಲಿ ಹರಡಿಕೊಂಡಿರುತ್ತೆ, ಇಲ್ಲೇ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಎರಡನೇ ಹಂತದಲ್ಲಿ ಮಗು ಕೆಳಗಿಳಿದಾಗ ಬೇರೆ ನರಗಳು, ಅದು ಚುರುಕಾದ, ಹರಿದ ಹಾಗಿನ ನೋವು. ಗಮನ ಬೇರೆ ಕಡೆ ಎಳೆಯೋ ಯಾವ ಉಪಾಯವೇ ಆಗ್ಲಿ, ಸಂಗೀತ, ಉಸಿರಾಟ, ವಿಆರ್, ಏನಾದ್ರೂ ಕೆಲಸ ಮಾಡೋದು ಮೊದಲ ಹಂತದ ಮೊದಲ ಭಾಗದಲ್ಲಿ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2018ರಿಂದ 5 ಸೆಂಟಿಮೀಟರ್ ತೆರೆದ ಮೇಲಷ್ಟೇ ಅದನ್ನ ಚುರುಕು ಹಂತ ಅನ್ನುತ್ತೆ. ಚೊಚ್ಚಲಲ್ಲಿ ಅದಕ್ಕೆ ಮುಂಚಿನ ಕಾಯುವಿಕೆಯೇ ಬಹಳ ಗಂಟೆ. ಮನಸ್ಸು ಸೋಲೋದು ಅಲ್ಲೇ. ಹಾವೇರಿ ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ.

ಬೆನ್ನು ಉಜ್ಜಿದ್ರೆ ನೋವು ಕಮ್ಮಿ ಅನ್ನಿಸುತ್ತಲ್ಲ, ಅದೂ ಸುಮ್ನೆ ಸಮಾಧಾನ ಅಲ್ಲ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಅನ್ನೋರು ಇದನ್ನ ವಿವರಿಸಿದ್ರು: ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದ ಹಾಗೆ, ಸ್ಪರ್ಶದ ಸುದ್ದಿ ನುಗ್ಗಿದ್ರೆ ನೋವಿನ ಸುದ್ದಿಗೆ ಜಾಗ ಕಮ್ಮಿ. ಮೇಲಿಂದ ಮೆದುಳೂ ಆ ಬಾಗಿಲನ್ನ ತಳ್ಳಬಲ್ಲದು. ವಿಆರ್ ಮಾಡೋದು ಮೇಲಿನ ಕೆಲಸ, ಅಮ್ಮನ ಕೈ ಮಾಡೋದು ಕೆಳಗಿನ ಕೆಲಸ.

ಎರಡು ಎಚ್ಚರಿಕೆ. ಒಂದು, ಹೆಡ್‌ಸೆಟ್ ಹಾಕ್ಕೊಂಡು ಅಂಗಾತ ಮಲಗಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಬಿಪಿ ಇಳಿಯುತ್ತೆ. ಎಡಕ್ಕೆ ಹೊರಳಿ, ಅಥವಾ ಒರಗಿ ಕೂತ್ಕೊಳ್ಳಿ. ಎರಡು, ಇದು ಮುಖ್ಯ: ತಲೆನೋವು, ಕಣ್ಣು ಮಂಜು, ಕಣ್ಣಿಗೆ ಮಿಂಚಿದ ಹಾಗೆ ಆದ್ರೆ "ಕನ್ನಡಕದಿಂದ ಆಗಿರ್ಬೇಕು" ಅಂತ ಸುಮ್ಮನಿರಬೇಡಿ. ಬಿಪಿ ಏರಿದ ಬಸುರಿಯರಲ್ಲಿ ಅದೇ ಲಕ್ಷಣ. ತಕ್ಷಣ ಬಿಪಿ ನೋಡಿಸಿ, 140/90 ಅಥವಾ ಮೇಲಿದ್ರೆ ಡಾಕ್ಟರಿಗೆ ಹೇಳಿ. ಫಿಟ್ಸ್ ಇದ್ದವರು ವಿಆರ್ ಗೋಜಿಗೇ ಹೋಗಬೇಡಿ.

ಶರಾವತಿ_ತೀರ
ಡಾಕ್ಟ್ರೇ ತುಂಬಾ ಥ್ಯಾಂಕ್ಸ್. ಕಣ್ಣಿನ ಮಾತು ನಮ್ಮನೆಯವರಿಗೆ ಓದಿ ಹೇಳಿದೆ. ನಂಗೆ ಪವರ್ ಬೇರೆ ಇದೆ, ಮೈನಸ್ ನಾಲ್ಕೂವರೆ. ಕನ್ನಡಕದ ಮೇಲೆ ಕನ್ನಡಕ ಹಾಕ್ಕೊಂಡ್ರೆ ಮೂಗಿನ ಮೇಲೆ ಗಾಯ.

ಮತ್ತೆ ಬೆನ್ನಿಗೆ ಕೊಡೋ ಇಂಜೆಕ್ಷನ್? ಅದು ತಗೊಂಡ್ರೆ ಜೀವಮಾನ ಪೂರ್ತಿ ಬೆನ್ನುನೋವು, ಕೊನೆಗೆ ಸಿಸೇರಿಯನ್ನೇ ಆಗೋದು ಅಂತ ಅತ್ತೆ, ಅಮ್ಮ, ಪಕ್ಕದ ಮನೆಯವರು ಎಲ್ಲಾ ಒಂದೇ ರಾಗ.

ಅರಿವಳಿಕೆ_ಮೈಸೂರು
ಎರಡೂ ತಪ್ಪು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಜೀವಮಾನದ ಬೆನ್ನುನೋವು ಅಲ್ಲ. ಆ ಬೆನ್ನುನೋವಿಗೆ ಕಾರಣ ಬಸಿರು, ಮಗು ಎತ್ತೋದು, ಬಗ್ಗಿ ಹಾಲು ಕುಡಿಸೋದು. ಎಪಿಡ್ಯೂರಲ್, ಅಂದ್ರೆ ನೀವು ಹೇಳಿದ ಬೆನ್ನಿನ ಇಂಜೆಕ್ಷನ್, ತಗೊಂಡವರಿಗೆ ಸಿಸೇರಿಯನ್ ಜಾಸ್ತಿ ಆಗಲ್ಲ ಅಂತ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯ 2018ರ ವಿಮರ್ಶೆಯೇ ಹೇಳಿದೆ. ಜ್ವರ ಬರಬಹುದು, ಬಿಪಿ ಇಳಿಯಬಹುದು, ಕಾಲು ಭಾರ ಆಗಬಹುದು, ಅದು ನಿಜ. ಅದಕ್ಕೇ ನಾವು ಪಕ್ಕದಲ್ಲಿರೋದು.

ನಿಜವಾದ ತೊಂದರೆ ಬೇರೆ. ರಾತ್ರಿ ಎರಡು ಗಂಟೆಗೆ ನಿಮ್ಮ ಆಸ್ಪತ್ರೇಲಿ ಅರಿವಳಿಕೆ ಡಾಕ್ಟರ್ ಇರ್ತಾರಾ? ಅದನ್ನ ಈಗಲೇ ಕೇಳಿ. ಎಷ್ಟೋ ತಾಲೂಕುಗಳಲ್ಲಿ ಒಬ್ಬರೇ ಇರ್ತಾರೆ, ಸಿಸೇರಿಯನ್‌ಗೇ ಅವರು ಸಾಲಲ್ಲ. ನೋವು ಶುರುವಾದ ಮೇಲೆ ಕೇಳಿದ್ರೆ "ಇನ್ನೇನು ಆಗೋಯ್ತು ಬಿಡಮ್ಮ" ಅಂತಾರೆ.

ಪಿಕ್ಸೆಲ್_ಮಂಜ
ನೋಡಿ, ಅದಕ್ಕೇ ನಾನು ಹೇಳೋದು! ಅರಿವಳಿಕೆ ಡಾಕ್ಟರ್ ಇಲ್ಲದ ಕಡೆಗೆ ಹೆಡ್‌ಸೆಟ್ ಕಳಿಸಬಹುದಲ್ಲ? ಯಂತ್ರಕ್ಕೆ ನೈಟ್ ಡ್ಯೂಟಿ ಇಲ್ಲ.

ಹಾವೇರಿ_ಸಿಸ್ಟರ್
ಮಂಜಣ್ಣ, ಡಾಕ್ಟರ್ ಕೊಡ್ರಿ ಅಂತ ಕೇಳಿದ್ರ ಡಬ್ಬಿ ಕಳಸ್ತಾರಂದ್ರ ನನಗ ಸಿಟ್ಟು ಬರ್ತದ ನೋಡ್ರಿ. ನಾಳೆ ಅದನ್ನ ಸ್ಟಾಕ್ ಬುಕ್ಕಿನ್ಯಾಗ ಬರಕೊಂಡು ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತಾರ. ಕಳದ್ರ ನನ್ನ ಪಗಾರದಾಗ ಕಡೀತಾರ. ಬರ್ತ್ ಕಂಪ್ಯಾನಿಯನ್ ಅಂತ ಜೊತಿಗೊಬ್ಬಾಕಿ ಇರಲಿ ಅಂತ ಕೇಂದ್ರ ಸರ್ಕಾರ 2016ರಾಗ ಹೇಳೇತಿ. ಮದಲ ಅದನ್ನ ಎಲ್ಲಾ ಕಡೆ ಸರಿಯಾಗಿ ಮಾಡ್ರಿ, ಡಬ್ಬಿ ಆಮ್ಯಾಲೆ.

ಕುಡ್ಲದ_ಪೊಣ್ಣು
ಗಂಡನನ್ನು ಬಿಡುದಿಲ್ವಾ ಹಾಗಾದ್ರೆ?

ಹಾವೇರಿ_ಸಿಸ್ಟರ್
ಮರೆ ಇದ್ದಲ್ಲಿ, ಅಂದ್ರ ಒಬ್ಬೊಬ್ಬರಿಗೆ ಪರದೆ ಕೋಣೆ ಇದ್ದಲ್ಲಿ, ಗಂಡನ್ನೂ ಬಿಡಬಹುದು ಅಂತ ಅದರಾಗ ಐತ್ರಿ. ನಮ್ಮಲ್ಲಿ ಸಾಲಾಗಿ ಕಾಟು. ಒಬ್ಬಾಕಿ ಗಂಡ ಬಂದ್ರ ಉಳದವರ ಗತಿ?

ಎರಡು_ಮಕ್ಕಳ_ತಾಯಿ
ಈ ಮಾತು ಬಂದಿದ್ದಕ್ಕೆ ಹೇಳ್ತೀನಿ. ನನ್ನ ಮೊದಲ ಹೆರಿಗೆ, ಊರಿನ ಹೆಸರು ಬೇಡ, ಖಾಸಗಿ ಆಸ್ಪತ್ರೆ. ಒಳಗೆ ಯಾರನ್ನೂ ಬಿಡಲಿಲ್ಲ. ನಾನು ಕೂಗಿದಾಗ ಅಲ್ಲಿದ್ದ ಒಬ್ಬಾಕೆ "ಬಸುರಾಗೋವಾಗ ಇಷ್ಟು ಕೂಗಿದ್ಯಾ?" ಅಂದಳು. ಉಳಿದವರು ನಕ್ಕರು. ಎಂಟು ವರ್ಷ ಆಯ್ತು. ಆ ನೋವು ಹೇಗಿತ್ತು ಅಂತ ಈಗ ಕೇಳಿದ್ರೆ ನೆನಪು ಮಾಡ್ಕೋಬೇಕು. ಆ ನಗು ಮಾತ್ರ, ಯಾರ ಹಲ್ಲು ಹೇಗಿತ್ತು ಅನ್ನೋದರ ಸಮೇತ ನೆನಪಿದೆ.

ಹೆಡ್‌ಸೆಟ್ ಇದ್ದಿದ್ರೆ ಅವರ ಮುಖ ಕಾಣಿಸ್ತಿರಲಿಲ್ಲ. ನನ್ನ ಪಾಲಿಗೆ ಅದೊಂದೇ ಸಾಕಿತ್ತು.

ವೇಲ್ಸ್_ಕನ್ನಡತಿ
ಅಯ್ಯೋ ಅಕ್ಕ.

ಹಾವೇರಿ_ಸಿಸ್ಟರ್
ಅಕ್ಕಾರ, ನಮ್ಮಂಥಾಕಿನ ಅಕಿ. ನಾಚಿಕಿ ಆಗ್ತದ. ಈ ಮಾತು ನಾನೂ ಕೇಳೀನಿ, ನನ್ನ ಎದುರಿಗೇ ಆಡ್ಯಾರ. ಮದಲ ಎರಡು ವರ್ಷ ನಾನೂ ಸುಮ್ನ ಇದ್ದೆ.

ಲೆಕ್ಕದ_ಮೇಷ್ಟ್ರು
ಜೊತೆಗೊಬ್ಬರು ಇರೋ ವಿಷಯಕ್ಕೆ ನನ್ನ ಹತ್ರ ಅಂಕಿ ಇದೆ. ಕಾಕ್ರೇನ್‌ನವರದ್ದೇ, 2017. 15 ಸಾವಿರಕ್ಕೂ ಹೆಚ್ಚು ಹೆಂಗಸರು, ಬೇರೆ ಬೇರೆ ದೇಶಗಳು. ಪೂರ್ತಿ ಹೊತ್ತು ಪಕ್ಕದಲ್ಲಿ ಒಬ್ಬರು ಇದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಮ್ಮಿ, ನೋವಿನ ಔಷಧಿ ಕಮ್ಮಿ, ಹೆರಿಗೆಯ ಹೊತ್ತೂ ಕಮ್ಮಿ. 67 ಜನರ ಪಕ್ಕ ಈ 15 ಸಾವಿರ ಇಟ್ಟು ನೋಡಿ.

ಪಾವಗಡದ ಸೂಲಗಿತ್ತಿ ನರಸಮ್ಮ ಗೊತ್ತಲ್ಲ, ನಮ್ಮ ಜಿಲ್ಲೆಯವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಮಾಡಿಸಿದ ಹೆರಿಗೆ 15 ಸಾವಿರ ದಾಟಿತ್ತು ಅಂತಾರೆ. ಕಾಕ್ರೇನ್‌ಗೆ ಅಷ್ಟು ದೇಶ ಸುತ್ತಬೇಕಾಯ್ತು, ಈ ಅಜ್ಜಿ ಒಬ್ಬರೇ ಒಂದು ಕಾಕ್ರೇನ್.

ಪಿಕ್ಸೆಲ್_ಮಂಜ
ಮೇಷ್ಟ್ರೇ, ಸೂಲಗಿತ್ತಿ ವರ್ಸಸ್ ಹೆಡ್‌ಸೆಟ್ ಅಂತ ಯಾಕೆ ಮಾಡ್ತೀರಿ? ಜೊತೆಗೆ ಅಮ್ಮನೂ ಇರ್ಲಿ, ಹೆಡ್‌ಸೆಟ್ಟೂ ಇರ್ಲಿ.

ಲೆಕ್ಕದ_ಮೇಷ್ಟ್ರು
ಹೆಡ್‌ಸೆಟ್ ಹಾಕ್ಕೊಂಡ್ರೆ ಅಮ್ಮ ಕಾಣಲ್ಲ ಅನ್ನೋದೇ ನನ್ನ ತಕರಾರು. ಇನ್ನೊಂದು, ಓಡಾಡ್ಕೊಂಡು, ಎದ್ದು ನಿಂತ್ಕೊಂಡು ಇದ್ದವರಿಗೆ ಮೊದಲ ಹಂತ ಒಂದು ಗಂಟೆಗೂ ಹೆಚ್ಚು ಬೇಗ ಮುಗಿಯುತ್ತೆ. ಅದನ್ನೂ ಕಾಕ್ರೇನ್ ಹೇಳುತ್ತೆ. ನಿಮ್ಮ ಯಂತ್ರ ಹಾಕ್ಕೊಂಡು ವಾರ್ಡಲ್ಲಿ ಓಡಾಡೋಕಾಗುತ್ತಾ? ಡ್ರಿಪ್ ಸ್ಟ್ಯಾಂಡಿಗೆ ಹಾಯ್ದು ಬೀಳ್ತಾರೆ.

ಪಿಕ್ಸೆಲ್_ಮಂಜ
ಅದು ಒಪ್ಪಬೇಕಾದ ಮಾತೇ. 'ಪಾಸ್‌ಥ್ರೂ' ಅಂತ ಇದೆ, ಹೊರಗಿನದ್ದು ಕ್ಯಾಮೆರಾದಲ್ಲಿ ಕಾಣುತ್ತೆ… ಆದ್ರೆ ನಮ್ಮಮ್ಮನ ಮುಖವನ್ನ ಕ್ಯಾಮೆರಾದಲ್ಲಿ ನೋಡೋದಾದ್ರೆ ಹೆಡ್‌ಸೆಟ್ ಯಾಕೆ ಅಂತ ನೀವು ಕೇಳ್ತೀರಿ. ಬಿಡಿ.

ಶರಾವತಿ ಮೇಡಂ, ತಾಂತ್ರಿಕವಾಗಿ ಮಾತ್ರ ಹೇಳ್ತೀನಿ: ಮೆಟಾ ಕ್ವೆಸ್ಟ್ 2 ಆದ್ರೆ 503 ಗ್ರಾಂ, ಬ್ಯಾಟರಿ ಎರಡರಿಂದ ಮೂರು ಗಂಟೆ. ವಿಡಿಯೋ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಆಸ್ಪತ್ರೆ ವೈಫೈ ನಂಬಬೇಡಿ. ನೀವು ಕೂತಿರೋವಾಗ ದೃಶ್ಯ ತಾನಾಗೇ ಓಡೋ ಥರದ್ದು ಬೇಡ, ವಾಂತಿ ಬರುತ್ತೆ, ಬಸುರಿಗೆ ಮೊದಲೇ ಹೊಟ್ಟೆ ತೊಳೆಸುತ್ತೆ. ನಿಂತ ದೃಶ್ಯ, ನಿಧಾನಕ್ಕೆ ಉಸಿರಾಡಿಸೋದು, ಅಂಥದ್ದು. ಮುಖಕ್ಕೆ ತಾಗೋ ಜಾಗಕ್ಕೆ ಒರೆಸೋಕಾಗೋ ಸಿಲಿಕೋನ್ ಕವರ್ ಹಾಕಿ. ತಲೆಗೆ ಎಣ್ಣೆ ಬೇಡ.

ಮತ್ತೆ ಜೋಗ ಬೇಡ.

ಕುಡ್ಲದ_ಪೊಣ್ಣು
ನನಗೆ ಸೀಸರ್ ಆದದ್ದು, ನಾಲ್ಕು ಜನ ಬೆನ್ನ ಹಿಂದೆ "ನೋವು ತಿನ್ನದೆ ಹೆತ್ತಳು" ಎಂದು ಹೇಳಿದ್ರು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಕೆಮ್ಮು ಬಂದ್ರೆ ಹೇಗೆ ಆಗ್ತದೆ ಎಂದು ಅವರಿಗೆ ಗೊತ್ತುಂಟಾ? ಮೂರನೇ ದಿನ ತಮ್ಮ ಬಂದು ಜೋಕ್ ಹೇಳಿದ, ದಿಂಬು ತೆಗೆದು ಅವನಿಗೆ ಬಿಸಾಡಿದ್ದೇನೆ. ಆಗ ಈ ವಿಆರ್ ಇದ್ರೆ ನಾಲ್ಕು ಜನರನ್ನು ನೋಡದೆ ಮಲಗ್ತಿದ್ದೆ.

ಕಾಫಿ_ಕಪ್
ಸೀಸರ್ ಆದ ಮೇಲೆ ಅಂಟಿನುಂಡೆ ಎಷ್ಟನೇ ದಿನದಿಂದ ತಿನ್ನಬಹುದು?

ಹಾವೇರಿ_ಸಿಸ್ಟರ್
ನಮ್ಮ ಕಡೆ ಮದಲ ಅಳ್ವಿ ಪಾಯಸ, ಉಂಡಿ ಆಮ್ಯಾಲೆ. ಆದ್ರ ಒಣ ಕೊಬ್ಬರಿ ಜಾಸ್ತಿ ಹಾಕ್ಬ್ಯಾಡ್ರಿ.

ಅರಳೀಕಟ್ಟೆ_ಅಜ್ಜ
ಒಣ ಕೊಬ್ಬರಿ ಇಲ್ಲದೆ ಅಂಟಿನುಂಡೆಯೇ? ಉತ್ತುತ್ತಿ ಹಾಕುವುದನ್ನೂ ಮರೆಯಬಾರದು.

ನಿರ್ವಾಹಕ
ಉಂಡೆಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು. (ಉತ್ತುತ್ತಿ ಬೇಕೇ ಬೇಕು.)

ಶರಾವತಿ_ತೀರ
ಐದು ವಾರ ಆದ ಮೇಲೆ ಬಂದೆ. ಹೆಣ್ಣು ಮಗು, 2 ಕೆಜಿ 900. ಇಬ್ಬರೂ ಆರಾಮ. ಏನಾಯ್ತು ಅಂತ ಬರೀತೀನಿ, ಅವಳು ಮಲಗಿರೋವಷ್ಟರಲ್ಲಿ.

ಡಾಕ್ಟ್ರು ಹೇಳಿದ ಹಾಗೆ ಮುಂಚೆನೇ ಹೋಗಿ ಕೇಳಿದ್ವಿ. ಅರಿವಳಿಕೆಯವರು ಫೋನ್ ಮಾಡಿದ್ರೆ ಬರ್ತಾರೆ ಅಂದ್ರು. ಹೆಡ್‌ಸೆಟ್ ತರ್ಲಾ ಅಂದಿದ್ದಕ್ಕೆ ನಮ್ಮ ಮೇಡಂ ಅದನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ "ನಾನು ತೆಗೀ ಅಂದ ತಕ್ಷಣ ತೆಗೀಬೇಕು" ಅಂದ್ರು, ಅಷ್ಟೇ.

ರಾತ್ರಿ ಹನ್ನೊಂದಕ್ಕೆ ನೀರು ಹೋಯ್ತು. ಆಸ್ಪತ್ರೆಗೆ ಬಂದಾಗ 2 ಸೆಂಟಿಮೀಟರ್. ಬೆಳಗಿನ ಜಾವ ಮೂರರಿಂದ ಐದರವರೆಗೆ ಬಿಟ್ಟು ಬಿಟ್ಟು ಹೆಡ್‌ಸೆಟ್ ಹಾಕ್ಕೊಂಡೆ. ಯಾವುದೋ ಸರೋವರ, ದಡದಲ್ಲಿ ಹುಲ್ಲು. ಪಕ್ಕದ ಕೋಣೇಲಿ ಒಬ್ಬರು ಕೂಗ್ತಾ ಇದ್ರು, ಅದು ಕೇಳಿಸಲಿಲ್ಲ. ನೋವು ಬಂದಾಗ ಹುಲ್ಲಿನ ಒಂದು ಎಸಳನ್ನೇ ನೋಡ್ತಾ ಇದ್ದೆ. ಅಮ್ಮ ಹಿಂದಿನಿಂದ ಸೊಂಟ ಉಜ್ಜುತ್ತಾ ಇದ್ರು. ಕೆಲಸ ಮಾಡಿದ್ದು ಹುಲ್ಲೋ ಅಮ್ಮನ ಕೈಯೋ, ಮೇಷ್ಟ್ರು ಕೇಳಿದ್ರೆ ಹೇಳೋಕಾಗಲ್ಲ. ಆ ಎರಡು ಗಂಟೆ ಮಾತ್ರ ಬೇಗ ಹೋಯ್ತು.

ಆರೂವರೆಗೆ ಒಂದು ನೋವು ಬಂತು ನೋಡಿ, ಹಾವೇರಿ ಸಿಸ್ಟರ್ ಮಾತು ನಿಜ ಆಯ್ತು. ಕಿತ್ತು ಎಸೆದೆ. ನಮ್ಮನೆಯವರು ಕ್ಯಾಚ್ ಹಿಡಿದ್ರು, ಎರಡು ವರ್ಷ ಅದ್ರಲ್ಲಿ ಕ್ರಿಕೆಟ್ ಆಡಿದ್ದು ಉಪಯೋಗಕ್ಕೆ ಬಂತು. ಆಮೇಲೆ ಎಪಿಡ್ಯೂರಲ್ ತಗೊಂಡೆ. ಇಪ್ಪತ್ತು ನಿಮಿಷ ಆದ ಮೇಲೆ ನಾನು ನಗ್ತಾ ಇದ್ದೆ. ಅಮ್ಮ ಮುಖ ಊದಿಸ್ಕೊಂಡು "ಬೆನ್ನು ಹೋಯ್ತು" ಅಂತ ಗೊಣಗ್ತಾ ಕೂತಿದ್ರು, ಈಗಲೂ ಅದೇ ಅಂತಾರೆ. ಮಧ್ಯಾಹ್ನ ಒಂದೂವರೆಗೆ ಮಗು.

ಮಾರನೇ ದಿನ ಅಮ್ಮ "ಅದ್ರಲ್ಲಿ ಏನು ಕಾಣ್ತದೆ ಕೊಡು ನೋಡುವಾ" ಅಂತ ಹಾಕ್ಕೊಂಡ್ರು. ನಮ್ಮನೆಯವರು ಹಾಕಿದ್ದು ಅದೇ ಜೋಗ, ಅದೂ ಮೇಲಿಂದ ಡ್ರೋನಲ್ಲಿ ಕೆಳಗೆ ಇಳಿಯೋದು. ಅಮ್ಮಂಗೆ ತಲೆ ತಿರುಗಿ ನನ್ನ ಕಾಟಿನ ಮೇಲೇ ಕೂತುಬಿಟ್ರು. ಸಿಸ್ಟರ್ ಬಂದು ಬಿಪಿ ನೋಡಿ ಓಆರ್‌ಎಸ್ ಕುಡಿಸಿದ್ರು. ಬಾಣಂತಿ ನಾನು, ಹಾಸಿಗೆ ಅಮ್ಮಂಗೆ.

ಹಾವೇರಿ_ಸಿಸ್ಟರ್
😂😂 ತಂಗಿ, ಚಲೋ ಆತು. ಕೂಸಿಗೆ ದೃಷ್ಟಿ ತಗೀರಿ.

ಲೆಕ್ಕದ_ಮೇಷ್ಟ್ರು
ಅಭಿನಂದನೆ ಮಗಳೇ. ಹುಲ್ಲೋ ಕೈಯೋ ಗೊತ್ತಾಗ್ಬೇಕಾದ್ರೆ ಇನ್ನೊಂದು ಸಲ ಹೆರಬೇಕಾಗುತ್ತೆ, ಒಂದು ಸಲ ಹುಲ್ಲು ಮಾತ್ರ.

ಶರಾವತಿ_ತೀರ
ಮೇಷ್ಟ್ರೇ ನಿಮಗೆ ಕೈ ಮುಗಿದೆ 🙏 ಬೇರೆ ಯಾರಾದ್ರೂ ಹೆರಲಿ.

ಅರಳೀಕಟ್ಟೆ_ಅಜ್ಜ
ಮಗುವಿಗೆ ಏನು ಹೆಸರಿಟ್ಟಿರಿ?

ಕಾಫಿ_ಕಪ್
ಹೆಡ್‌ಸೆಟ್ ಮಾರೋ ಯೋಚನೆ ಇದ್ರೆ ಹೇಳಿ, ನಮ್ಮಕ್ಕಂಗೆ ಏಳು ತಿಂಗಳು. ಸಿಲಿಕೋನ್ ಕವರ್ ಸಮೇತ ಎಷ್ಟಕ್ಕೆ ಕೊಡ್ತೀರಿ?